ಸೂರಿಲ್ಲದ ಮನೆಯಲ್ಲಿ ಆಡಿದ ಮಾತು

"ಬಿಚ್ಚು ಅದನ್ನ! ಮೊದಲು ಕಾಲಿಂದ ಬಿಚ್ಚು!"

ಸುವಾ ಕೂಗಿದ ರಭಸಕ್ಕೆ ಸಂತೆಯ ಆ ಮೂಲೆಯಲ್ಲಿ ಕಟ್ಟಿದ್ದ ಹಂದಿಮರಿಗಳು ಕೂಡ ಒಂದು ಗಳಿಗೆ ಕಿರುಚುವುದನ್ನು ನಿಲ್ಲಿಸಿದವು.

ಚಪ್ಪಲಿ ಮಾರುವ ಮುದುಕಿಯೊಬ್ಬಳ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಆ ಅಪರಿಚಿತ ತಲೆಯೆತ್ತಿ ನೋಡಿದ. ಒಂದು ಕಾಲಿಗೆ ಬೂಟು, ಇನ್ನೊಂದು ಕಾಲಿಗೆ ಸೆಣಬಿನ ಚಪ್ಪಲಿ. ಅದೂ ಎಂಥ ಚಪ್ಪಲಿ! ಈ ಬೆಟ್ಟಸೀಮೆಯ ನಮ್ಮ ಹ್ಮೊಂಗ್ ಜನ ಬದುಕಿರುವವರೆಗೆ ಕಾಲಿಗೆ ಸೋಕಿಸದ ಚಪ್ಪಲಿ. ಸತ್ತವರಿಗೆ ತೊಡಿಸಿ ಕಳಿಸುವಂಥದ್ದು. ಅವರು ಹೋಗುವ ದಾರಿಯಲ್ಲಿ ಕಂಬಳಿಹುಳುಗಳ ಬೆಟ್ಟ ಸಿಗುತ್ತದೆ, ಅಲ್ಲಿ ಬರಿಗಾಲಲ್ಲಿ ನಡೆಯಲಾದೀತೇ?

"ಅಳತೆ ನೋಡ್ತಿದ್ದೆ, ಅಷ್ಟೆ," ಅಂದ ಅವನು.

"ಇದಕ್ಕೆ ಅಳತೆ ನೋಡ್ತಾರಾ? ಜೀವ ಇರೋನ ಕಾಲಿಗೆ?"

ಅವಳೇ ಬಗ್ಗಿ ಚಪ್ಪಲಿ ಕಿತ್ತಳು. ಕೀಳುವಾಗ ಅವನ ಪಾದ ಅವಳ ಅಂಗೈಗೆ ತಾಕಿತು. ಎಷ್ಟು ಬಿಸಿಯಾಗಿತ್ತು ಆ ಪಾದ! ಸುವಾ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅಜ್ಜಿ, ನೀನಾದ್ರೂ ಹೇಳಬಾರದಾ ಇವನಿಗೆ?"

"ನಾನೇನು ಹೇಳ್ಲಿ ತಾಯಿ? ನೋಡೋಕೆ ನಮ್ಮೋನೇ. ಬುದ್ಧಿ ಮಾತ್ರ ಬಯಲುಸೀಮೇದು," ಎಂದು ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

ಅವನು ಮಾತ್ರ ನಗಲಿಲ್ಲ. ದುಡ್ಡು ಕೊಟ್ಟು ಆ ಚಪ್ಪಲಿಗಳನ್ನೇ ಕೊಂಡು ಚೀಲದ ಹೊರಗೆ ಕಟ್ಟಿಕೊಂಡ. ಆಮೇಲೆ ಒಮ್ಮೆ ಕೆಮ್ಮಿ, ಹುಷಾರಾಗಿ ಕೇಳಿದ. "ಗೈಡ್ ಸುವಾ ಅಂದ್ರೆ ನೀವೇನಾ? ನನಗೆ ಹಾ ಪುವಾ ಊರಿಗೆ ಹೋಗಬೇಕು. ಅಲ್ಲಿಂದ ಮುಂದಕ್ಕೂ."

ಕುದುರೆಮಾಂಸದ ಸಾರಿನ ಕಡಾಯಿಯ ಹತ್ತಿರ ಚಳಿ ಕಾಯಿಸುತ್ತಿದ್ದ ಉಳಿದ ಗೈಡ್ ಹುಡುಗಿಯರು ಸುಮ್ಮನಿರುತ್ತಾರೆಯೇ?

"ಯಾವ ಕುಲ ಅಣ್ಣ ನಿಂದು?"

"ಥಾವೊ."

"ಇವಳು ವಾಂಗ್! ಕುಲ ಬೇರೆ ಬೇರೆ, ಅಣ್ಣ-ತಂಗಿ ಆಗಲ್ಲ. ಅಡ್ಡಿಯಿಲ್ಲ ಕಣೇ, ಕರ್ಕೊಂಡು ಹೋಗು!"

ಎಲ್ಲರೂ ಗೊಳ್ಳೆಂದು ನಕ್ಕರು. ಸುವಾಳ ಕಿವಿ ಕೆಂಪಾಯಿತು. ಆದರೆ ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ. ಚೀಲಕ್ಕೆ ನೇತುಬಿದ್ದು ತೂಗಾಡುತ್ತಿದ್ದ ಆ ಜೋಡಿ ಚಪ್ಪಲಿಯ ಮೇಲೆಯೇ ಇತ್ತು.

*

ಸುವಾಳಿಗೆ ಸಾವೆಂದರೆ ಯಾಕಷ್ಟು ಭಯ ಎನ್ನುವುದು ಇಡೀ ಸಂತೆಗೇ ಗೊತ್ತು. ನಿಮಗೂ ಹೇಳಿಬಿಡುತ್ತೇನೆ.

ನಮ್ಮಲ್ಲಿ ಹೆಣ್ಣು ಮದುವೆಯಾಗಿ ಹೋದಾಗ ಗಂಡನ ಮನೆ ಬಾಗಿಲಲ್ಲಿ ಅವಳ ತಲೆಯ ಮೇಲೆ ಕೆಂಪು ಹುಂಜವೊಂದನ್ನು ನಿವಾಳಿಸುತ್ತಾರೆ. ಅಲ್ಲಿಗೆ ಮುಗಿಯಿತು. ಅಂದಿನಿಂದ ಅವಳು ಆ ಮನೆಯ ದೈವಗಳಿಗೆ ಸೇರಿದವಳು. ಬದುಕಿದರೂ ಅಲ್ಲೇ, ಸತ್ತರೂ ಅಲ್ಲೇ. ತವರಿಗೆ ಬರಬಹುದು, ಉಣ್ಣಬಹುದು, ಅಳಬಹುದು... ಸಾಯುವಂತಿಲ್ಲ. ಬೇರೆ ಮನೆಯ ಜೀವ ತಮ್ಮ ಸೂರಿನ ಕೆಳಗೆ ಹೋದರೆ ದೈವಗಳು ಮುನಿಯುತ್ತವೆ.

ಸುವಾ ಮದುವೆಯಾಗಿ ವರ್ಷ ತುಂಬುವ ಮೊದಲೇ ಅವಳ ಗಂಡ ಹುಲ್ಲು ಕೊಯ್ಯಲು ಹೋಗಿ ಕಣಿವೆಗೆ ಬಿದ್ದ. ಸಿಕ್ಕಿದ್ದು ಅವನ ಬುಟ್ಟಿ ಮೊದಲು, ಅವನು ಆಮೇಲೆ.

"ಗಂಡನ್ನ ತಿಂದ್ಕೊಂಡೋಳು," ಎಂದು ಅತ್ತೆ ಬಾಗಿಲು ಹಾಕಿಕೊಂಡಳು. ತವರಿನವರು ಬಾಗಿಲು ತೆರೆದರು, ಅರ್ಧ ಮಾತ್ರ. ಹೋದ ಚಳಿಗಾಲದಲ್ಲಿ ಅವಳಿಗೆ ಜ್ವರ ವಿಪರೀತ ಏರಿದಾಗ ಸ್ವಂತ ಅಣ್ಣನೇ ಅವಳನ್ನು ಕಂಬಳಿ ಸಮೇತ ಹೊತ್ತು ಹೊರಗಿನ ದನದ ಕೊಟ್ಟಿಗೆಯಲ್ಲಿ ಮಲಗಿಸಿದ. ಅಳುತ್ತಲೇ ಮಲಗಿಸಿದ, ಪಾಪ. ಅವನಿಗೂ ಮಕ್ಕಳಿದ್ದಾರೆ.

ಜ್ವರ ಇಳಿಯಿತು. ಸುವಾ ಆಮೇಲೆ ಮನೆಯೊಳಗೆ ಮಲಗಲಿಲ್ಲ. ಹೊರಗೋಡೆಗೆ ಒತ್ತಿ ಕಟ್ಟಿದ ಮಾಡಿನ ಕೆಳಗೇ ಅವಳ ಸಂಸಾರ. ಹಗಲೆಲ್ಲ ಊರವರಿಗೆ, ಪರದೇಶದವರಿಗೆ ದಾರಿ ತೋರಿಸುತ್ತಾಳೆ, ನಗುತ್ತಾಳೆ. ಒಳಗೊಳಗೆ ಒಂದೇ ಪ್ರಶ್ನೆ.

'ನನಗೆ ಸಾಯೋಕೆ ಅಂತ ಒಂದು ಮನೆ ಯಾವತ್ತಾದ್ರೂ ಸಿಗುತ್ತಾ?'

*

ಹಾ ಪುವಾದ ದಾರಿಯುದ್ದಕ್ಕೂ ಮಂಜು. ಕಲ್ಲಿನ ಸಂದುಗಳಲ್ಲಿ ಮೆಕ್ಕೆಜೋಳದ ಒಣದಂಟು. ಸುವಾ ಮುಂದೆ, ಅವನು ಹಿಂದೆ. ಅವಳ ಬೆರಳುಗಳು ನಡೆಯುತ್ತಲೇ ಸೆಣಬಿನ ನಾರು ಹೊಸೆಯುತ್ತಿದ್ದವು. ನಮ್ಮ ಹೆಂಗಸರಿಗೆ ಕಾಲು ನಡೆದರೆ ಕೈಯೂ ನಡೆಯಬೇಕು.

ಅವನ ಹೆಸರು ಪಾವೊ. ದಕ್ಷಿಣದ ದಾಕ್ ಲಾಕ್ ಕಡೆಯವನು. ಅಲ್ಲಿ ಅವನಿಗೆ ಕಾಫಿ, ಮೆಣಸಿನ ತೋಟ. ಇಲ್ಲಿಂದ ಎಷ್ಟೋ ಹ್ಮೊಂಗ್ ಮನೆತನಗಳು ಗುಳೆ ಹೋಗಿ ಅಲ್ಲಿ ನೆಲೆಯೂರಿವೆ, ಅಂಥದ್ದೊಂದು ಮನೆಯ ಮಗ.

"ಬೇರೆಯವರು ಹತ್ತಿರದ ಊರಿಂದ ಶುರು ಮಾಡ್ತಾರೆ," ಅಂದಳು ಸುವಾ. "ಬಟ್ಟೆಗೆ ನೀಲಿ ಹಾಕೋದು ನೋಡ್ತಾರೆ, ಫೋಟೋ ಹೊಡೀತಾರೆ, ಸಂಜೆಗೆ ವಾಪಸ್. ನಿಮಗೆ ಹಾ ಪುವಾದಲ್ಲಿ ಏನಿದೆ?"

"ಮುಂದಿನ ಊರಿನ ಹೆಸರಿದೆ."

"ಒಗಟು ಹೇಳೋರ ಹತ್ತಿರ ನಾನು ಜಾಸ್ತಿ ದುಡ್ಡು ತಗೋತೀನಿ."

"ತಗೊಳ್ಳಿ. ಬೈಯೋದನ್ನ ಮಾತ್ರ ಕಡಿಮೆ ಮಾಡಿ. ಬೆಳಿಗ್ಗೆಯಿಂದ ಕಿವಿ ಗುಂಯ್‌ಗುಡ್ತಿದೆ."

ಅವಳಿಗೆ ನಗು ಬಂತು. ಗಂಡ ಹೋದ ಮೇಲೆ ಗಿರಾಕಿಗಳಿಗಾಗಿ ಅಲ್ಲದೆ, ತನಗಾಗಿ ಬಂದ ಮೊದಲ ನಗು. ಅದನ್ನು ಅವನು ಗಮನಿಸಿದ ಎಂದು ಅವಳಿಗೂ ಗೊತ್ತಾಯಿತು. ತಕ್ಷಣ ಹೆಜ್ಜೆ ಜೋರು ಮಾಡಿದಳು.

"ಮನೇಲಿ ಯಾರ್ಯಾರಿದ್ದಾರೆ ನಿಮಗೆ?"

"ಅವ್ವ ಇದ್ದಾಳೆ."

"ಅಪ್ಪ?"

ಅವನು ಚೀಲದ ಪಟ್ಟಿ ಬಿಗಿದುಕೊಂಡ. ಕೆಮ್ಮಿದ. 'ಪಾಪ, ತೀರಿಹೋಗಿರಬೇಕು' ಎಂದುಕೊಂಡು ಸುವಾ ಆ ಮಾತು ಬಿಟ್ಟಳು.

ಹಾ ಪುವಾದ ಅಜ್ಜನೊಬ್ಬ ಒಲೆಯ ಮುಂದೆ ಕೂರಿಸಿ ಜೋಳದ ಸಾರಾಯಿ ಕೊಟ್ಟ. "ಥಾವೊ ಮನೆಯವರಾ? ಇಲ್ಲಿಂದಲೇ ಲಾರಿ ಹತ್ತಿ ದಕ್ಷಿಣಕ್ಕೆ ಹೋದ್ರು. ಇಲ್ಲಿಗೆ ಬಂದಿದ್ದು ಚಾ ಲುಂಗ್‌ನಿಂದ."

ಪಾವೊನ ತುಟಿಗಳು ಸದ್ದಿಲ್ಲದೆ ಅಲುಗಾಡಿದವು. ಏನನ್ನೋ ಬಾಯಿಪಾಠ ಮಾಡಿಕೊಳ್ಳುವವನಂತೆ.

ಮರುದಿನ ಚಾ ಲುಂಗ್. ಅಲ್ಲಿಯವರು ಹೇಳಿದರು, "ಅವರು ನಮ್ಮೂರಿಗೆ ಬಂದಿದ್ದು ಫಿನ್ ತೋದಿಂದ." ಮತ್ತೆ ಆ ತುಟಿಗಳ ಅಲುಗಾಟ. ಅವತ್ತು ಚಳಿಗೆ ಅವನ ಕೆಮ್ಮು ಹೆಚ್ಚಿತ್ತು. ಸುವಾ ತನ್ನ ನೀಲಿ ತಲೆವಸ್ತ್ರ ಬಿಚ್ಚಿ ಅವನ ಕತ್ತಿಗೆ ಎಸೆದಳು.

"ಸುತ್ಕೊಳ್ಳಿ. ಗಿರಾಕಿ ಸತ್ತರೆ ನನಗೆ ಕೆಟ್ಟ ಹೆಸರು."

"ಬರೀ ಹೆಸರಿಗಾಗಿ ಕೊಟ್ರಾ?"

"ಇನ್ನೇನಕ್ಕೆ ಮತ್ತೆ!"

ಅವನು ವಸ್ತ್ರವನ್ನು ಸುತ್ತಿಕೊಂಡು ಒಮ್ಮೆ ಉಸಿರೆಳೆದುಕೊಂಡ. ಒಲೆಯ ಹೊಗೆಯ ವಾಸನೆ, ನೀಲಿಯ ವಾಸನೆ, ಅವಳ ಕೂದಲಿನ ವಾಸನೆ. ಸುವಾ ಬೇರೆ ಕಡೆ ತಿರುಗಿದಳು.

'ಬೇಡ ಸುವಾ... ನೀನು ಯಾರನ್ನ ಮುಟ್ಟಿದ್ರೂ ಅವರಿಗೆ ಆಗಿಬರಲ್ಲ. ಬೇಡ.'

ಆ ಸಂಜೆ ಅವನನ್ನು ಚಾ ಲುಂಗ್‌ನಲ್ಲೇ ಬಿಟ್ಟು ಸುವಾ ಮನೆಗೆ ಬಂದಾಗ ಹೊತ್ತಲ್ಲದ ಹೊತ್ತಿನಲ್ಲಿ ಅಣ್ಣನ ಹುಂಜ ಕೂಗಿತು. ಅತ್ತಿಗೆ ನೆಲಕ್ಕೆ ಉಗಿದು, "ಯಾರದ್ದೋ ಕಾಲ ಹತ್ತಿರ ಬಂತು," ಎಂದು ಒಳಗೆ ಹೋದಳು.

*

ಫಿನ್ ತೋದ ಮುದುಕಿಗೆ ಕಣ್ಣು ಮಂಜು, ಆದರೆ ಬುದ್ಧಿ ಚುರುಕು. ಪಾವೊನನ್ನು ಒಲೆಯ ಹತ್ತಿರ ಕೂರಿಸಿ ತನ್ನ ಅತ್ತೆಯ ಕಾಲದ ಕಥೆಯನ್ನೆಲ್ಲ ಹೇಳಿದಳು. ಥಾವೊ ಮನೆಯವರು ಮೊದಲು ಇದ್ದದ್ದು ಮೇಲೆ, ಪೊ ಸಾಂಗ್‌ನಲ್ಲಿ. ನೀರು ಬತ್ತಿ ಆ ಊರನ್ನು ಜನ ಬಿಟ್ಟು ಯಾವ ಕಾಲವಾಯಿತೋ. ಅಲ್ಲೀಗ ಗೋಡೆಗಳಷ್ಟೇ ಇವೆ, ನಡುಗಂಬದ ಬುಡ ಉಳಿದಿರುವುದು ಅವರ ಮನೆಯಲ್ಲಿ ಮಾತ್ರ.

ಪೊ ಸಾಂಗ್ ಎಂಬ ಹೆಸರು ಕೇಳಿದ್ದೇ ತಡ, ಸುವಾಳ ಕೈಯಲ್ಲಿನ ನಾರು ತುಂಡಾಯಿತು. ಅಲ್ಲಿಗೆ ಹೋಗುವ ಕಣಿವೆಯಂಚಿನ ದಾರಿಯಲ್ಲೇ ಅವಳ ಗಂಡ ಬಿದ್ದದ್ದು!

ಸ್ವಲ್ಪ ಹೊತ್ತಿಗೆ ಮುದುಕಿ ಅವಳನ್ನು ಹಂದಿಗೂಡಿನ ಹಿಂದಕ್ಕೆ ಎಳೆದುಕೊಂಡು ಹೋದಳು.

"ಹುಡುಗಿ, ಅವನ ಚೀಲಕ್ಕೆ ಕಟ್ಟಿರೋದು ಏನು?"

"ಚಪ್ಪಲಿ, ಅಜ್ಜಿ."

"ಯಾರ ಕಾಲಿನ ಅಳತೆ?"

"ಅವನದೇ."

"ನಿನ್ನೆ ಎಲ್ಲಿದ್ರಿ? ಮೊನ್ನೆ ಎಲ್ಲಿದ್ರಿ?"

"ಮೊನ್ನೆ ಹಾ ಪುವಾ, ನಿನ್ನೆ ಚಾ ಲುಂಗ್..."

"ಹೊಸ ಊರಿಂದ ಹಳೇ ಊರಿಗೆ. ಹಳೇ ಊರಿಂದ ಹುಟ್ಟಿದ ಊರಿಗೆ." ಮುದುಕಿ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದಳು. "ಹಾಗೆ ಹಿಂದಕ್ಕೆ ನಡೆಯೋರು ಯಾರು ಅಂತ ನಿನಗೆ ಗೊತ್ತಿಲ್ವೇನೇ? ಹೆಣದ ಮುಂದೆ ಕೂತು ದಾರಿ ಹಾಡೋದನ್ನ ನೀನು ಕೇಳಿಲ್ವಾ?"

ಕೇಳಿದ್ದಳು. ಯಾಕೆ ಕೇಳಿಲ್ಲ! ಗಂಡನ ಹೆಣದ ಮುಂದೆ ಕೂತು ಇಡೀ ಹಾಡು ಕೇಳಿದ್ದಳು. ಸತ್ತವನು ತಾನು ಬಾಳಿದ ಊರುಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ದಾಟಿಕೊಂಡು, ಹುಟ್ಟಿದ ಮನೆಗೆ ಹೋಗಿ, ಹೆರಿಗೆಯಾದಾಗ ಕಂಬದ ಬುಡದಲ್ಲಿ ಹೂತಿದ್ದ ತನ್ನ ಮಾಸನ್ನು ಅಂಗಿಯಂತೆ ತೊಟ್ಟುಕೊಳ್ಳಬೇಕು. ಆಮೇಲೆಯೇ ಹಿರಿಯರ ಹತ್ತಿರ ಹೋಗಲು ಸಾಧ್ಯ. ಒಂದು ಊರಿನ ಹೆಸರು ತಪ್ಪಿದರೂ ಜೀವ ದಾರಿಯಲ್ಲೇ ಅಲೆಯುತ್ತದೆ.

"ಮುಂದೆ ನಡೆದು ದಾರಿ ತೋರಿಸ್ತಿರೋಳು ನೀನು," ಅಂದಳು ಮುದುಕಿ. "ಯಾವ ದಾರಿ ಅಂತ ಇನ್ನಾದ್ರೂ ನೋಡ್ಕೋ."

ಸುವಾಳಿಗೆ ಎಲ್ಲ ಒಟ್ಟಿಗೆ ನೆನಪಾಯಿತು. ಆ ಕೆಮ್ಮು... ಆ ಮೌನ... ಅಳತೆ ನೋಡಿ ಕೊಂಡ ಆ ಚಪ್ಪಲಿ... ಅಯ್ಯೋ! ಸಾಯೋಕೆ ಬಂದಿದ್ದಾನೆ ಇವನು! ನಾನು, ನಾನೇ ಕೈಹಿಡಿದು ಕರೆದುಕೊಂಡು ಹೋಗ್ತಿದ್ದೀನಿ!

ಒಳಗೆ ಓಡಿದಳು. 'ನೀವು' ಎನ್ನುವುದೆಲ್ಲ ಅಲ್ಲಿಗೇ ಮರೆತುಹೋಯಿತು.

"ಯಾರಿಗೆ ಆ ಚಪ್ಪಲಿ? ಹೇಳು!"

ಪಾವೊ ಒಮ್ಮೆ ಸೂರಿನ ಕಡೆ ನೋಡಿ ತಲೆಯಾಡಿಸಿದ. "ಇಲ್ಲಿ ಬೇಡ ಸುವಾ. ಸೂರಿನ ಕೆಳಗೆ ಆ ಮಾತು ಬೇಡ."

ಸೂರಿನ ಕೆಳಗೆ ಆಡಬಾರದ ಮಾತು ಅಂದರೆ ನಮ್ಮಲ್ಲಿ ಒಂದೇ. ಆ ದಾರಿಯ ಮಾತು. ಕಲಿಯುವವರೂ ಅದನ್ನು ಕಾಡಿಗೆ ಹೋಗಿ ಕಲಿಯುತ್ತಾರೆ. ಅವಳಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ತೋಳು ಹಿಡಿದು ಅವನನ್ನು ಅಂಗಳಕ್ಕೆ ಎಳೆದಳು. "ಇಲ್ಲಿ ಸೂರಿಲ್ಲ. ಹೇಳು ಈಗ!"

"ನಾಳೆ. ಪೊ ಸಾಂಗ್ ಮುಟ್ಟಿದ ಮೇಲೆ ಹೇಳ್ತೀನಿ. ಅದಕ್ಕೆ ಮುಂಚೆ ಬಾಯಿ ಬಿಡೋ ಹಾಗಿಲ್ಲ. ನನ್ನ ನಂಬು."

"ಮುಟ್ಟಿದ ಮೇಲೆ ಹೇಳೋಕೆ ನೀನು ಇರ್ತೀಯಾ?!"

ಅವಳು ಚೀಲಕ್ಕೆ ಕಟ್ಟಿದ್ದ ಚಪ್ಪಲಿಗಳನ್ನು ಕಿತ್ತು ಅಂಗಳದಾಚೆಯ ಬಂಡೆಬಿರುಕಿಗೆ ಬೀಸಿ ಎಸೆದಳು. ಕೆಳಗೆಲ್ಲೋ ಬಿದ್ದ ಸದ್ದೂ ಕೇಳಲಿಲ್ಲ.

ಪಾವೊನ ಮುಖ ಬಿಳಿಚಿಕೊಂಡಿತು. "ಏನು ಮಾಡಿದೆ ಸುವಾ ನೀನು..."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮಗು ಕೈಯಲ್ಲಿದ್ದ ತುತ್ತು ಮಣ್ಣಿಗೆ ಬಿದ್ದಾಗ ನೋಡುವಂತೆ ನೋಡಿದ, ಅಷ್ಟೆ. ಅದು ಅವಳನ್ನು ಇನ್ನೂ ಸುಟ್ಟಿತು.

"ನಾಳೆ ನಾನು ಬರಲ್ಲ! ನಾನು ದಾರಿ ತೋರಿಸಲ್ಲ!"

ಅವನನ್ನು ಮುದುಕಿಯ ಮನೆಯಲ್ಲೇ ಬಿಟ್ಟು ಅವಳು ಅಳುತ್ತಾ ಬೆಟ್ಟ ಇಳಿದಳು.

*

ಮರುದಿನ ಬೆಳಗಾಯಿತು. ಮಂಜು ಮನೆಯ ಬಾಗಿಲವರೆಗೂ ಬಂದು ನಿಂತಿತ್ತು.

ಸುವಾ ಒಲೆಯ ಮುಂದೆ ಕೂತು ಮೆಕ್ಕೆಜೋಳದ ಉದುರಿಟ್ಟು ಬೇಯಿಸುತ್ತಿದ್ದಳು. ತಳ ಹತ್ತಿದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಎಲ್ಲೇ ನಿನ್ನ ಗಿರಾಕಿ?" ಅತ್ತಿಗೆ ಮಡಕೆಯನ್ನು ಕಿತ್ತುಕೊಂಡು ಕೇಳಿದಳು. "ಫಿನ್ ತೋದಿಂದ ಸೌದೆ ತಂದೋರು ಹೇಳಿದ್ರು, ಮಂಜಲ್ಲೇ ಒಬ್ಬನೇ ಮೇಲಕ್ಕೆ ಹೋದನಂತೆ. ಆ ಕಣಿವೆ ದಾರೀಲಿ."

ಸುವಾ ಎದ್ದು ನಿಂತಳು.

"ಕೂತ್ಕೋ ಸುಮ್ನೆ," ಅತ್ತಿಗೆ ದನಿ ತಗ್ಗಿಸಿದಳು. ಅವಳು ಕೆಟ್ಟವಳಲ್ಲ, ಹೆದರಿದವಳು. "ನಿನ್ನ ಹಣೆಬರಹ ನಿನಗೆ ಗೊತ್ತು. ಒಬ್ಬನ್ನ ಆ ಕಣಿವೆ ತಗೊಂಡಿದೆ. ಇನ್ನೊಬ್ಬನ ಹಿಂದೆ ಹೋಗ್ಬೇಡ."

"ಹಿಂದೆ ಹೋಗದೇ ಇದ್ರೂ ಹೋಗ್ತಾರೆ ಅತ್ತಿಗೆ! ಅವತ್ತು ನಾನು ಮನೇಲೇ ಇದ್ದೆ. ಹೀಗೇ ಒಲೆ ಮುಂದೆ. ಇದೇ ಉದುರಿಟ್ಟು ಬೇಯಿಸ್ತಾ!"

ಬುಟ್ಟಿ ಬೆನ್ನಿಗೇರಿಸಿ ಓಡಿದಳು. ಅತ್ತಿಗೆ ಕೂಗಿದ್ದು ಮಂಜಿನಲ್ಲಿ ಕರಗಿತು.

ಕಣಿವೆಯ ದಾರಿ ಒಂದು ಮೇಕೆ ನಡೆಯುವಷ್ಟು ಅಗಲ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಬರೀ ಬಿಳಿ. ಮದುವೆಯಾದ ವರ್ಷದಿಂದ ಅವಳು ಇಲ್ಲಿ ಕಾಲಿಟ್ಟಿರಲಿಲ್ಲ. ಬಂಡೆ ತಡವಿಕೊಂಡು ಹೆಜ್ಜೆ ಹೆಜ್ಜೆಗೂ ಕರೆದಳು.

"ಪಾವೊ...! ಪಾವೊ...!"

ಕಣಿವೆ ಅವಳ ದನಿಯನ್ನೇ ಅವಳಿಗೆ ತಿರುಗಿ ಕೊಟ್ಟಿತು.

ತಿರುವಿನಲ್ಲಿ ಮುಳ್ಳುಕಂಟಿಗೆ ಏನೋ ಸಿಕ್ಕಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನೀಲಿ ಬಣ್ಣ. ಅವಳದೇ ತಲೆವಸ್ತ್ರ!

ಅದೇ ತಿರುವು. ಅಂದು ಬುಟ್ಟಿ ಸಿಕ್ಕಿದ್ದೂ ಇಲ್ಲೇ.

ಸುವಾ ನೆಲಕ್ಕೆ ಬೋರಲು ಮಲಗಿ ಕೈಚಾಚಿ ಅದನ್ನು ಬಿಡಿಸಿಕೊಂಡಳು. ವಸ್ತ್ರವನ್ನು ಎದೆಗವಚಿಕೊಂಡು ಬಂಡೆಗೊರಗಿ ಕೂತಳು. ಅಳು ಕೂಡ ಬರಲಿಲ್ಲ. 'ನಂಬು ಅಂದ. ನಂಬಲಿಲ್ಲ ನಾನು. ನಿನ್ನ ಬಿಟ್ರೆ ಇನ್ಯಾರೂ ಬೇಡ ಅಂತ ಒಂದು ಮಾತು... ಒಂದೇ ಒಂದು ಮಾತು ಹೇಳಿದ್ರೆ ಉಳೀತಿದ್ನೇನೋ...'

ಆಗ ಕೇಳಿಸಿತು. ಮೇಲಿನಿಂದ, ಮಂಜಿನೊಳಗಿನಿಂದ, ಯಾರೋ ಮೆಲ್ಲಗೆ ಹೇಳುತ್ತಿದ್ದರು.

"ಹಾ ಪುವಾ... ಚಾ ಲುಂಗ್... ಫಿನ್ ತೋ... ಪೊ ಸಾಂಗ್..."

ಜೀವ ಇರುವವನ ದನಿಯೋ, ಇಲ್ಲದವನ ದನಿಯೋ? ಸುವಾ ಯೋಚಿಸಲಿಲ್ಲ. ಎದ್ದು ಆ ದನಿಯ ಕಡೆಗೆ ಹತ್ತಿದಳು.

*

ಪೊ ಸಾಂಗ್‌ನಲ್ಲಿ ನಾಲ್ಕಾರು ಮನೆಗಳ ಕಲ್ಲುಗೋಡೆಗಳು ಮಾತ್ರ ಉಳಿದಿದ್ದವು. ಅದರಲ್ಲೊಂದರ ನಡುವೆ, ಮುರಿದ ನಡುಗಂಬದ ಪಕ್ಕ ಪಾವೊ ಕೂತಿದ್ದ. ಕೈಯೆಲ್ಲ ತರಚಿದ ಗಾಯ. ಪ್ಯಾಂಟು ಮೊಣಕಾಲಲ್ಲಿ ಹರಿದಿತ್ತು. ಮಡಿಲಲ್ಲಿ ಒಂದೇ ಒಂದು ಸೆಣಬಿನ ಚಪ್ಪಲಿ.

"ಬೆಳಿಗ್ಗೆ ಬಿರುಕಿಗಿಳಿದು ಹುಡುಕಿದೆ," ಅಂದ ಅವಳನ್ನು ಕಂಡು. "ಒಂದೇ ಸಿಕ್ತು."

ಸುವಾ ಹೋದವಳೇ ಅವನ ಭುಜಕ್ಕೆ, ಎದೆಗೆ, ಸಿಕ್ಕಿದ ಕಡೆಗೆಲ್ಲ ಗುದ್ದಿದಳು. "ಬದುಕಿದ್ದೀಯಾ! ಬದುಕಿದ್ದೂ ಕೂಗಿದ್ರೆ ಓಗೊಡಲ್ವಾ? ನನ್ನ ವಸ್ತ್ರ ಯಾಕೆ ಬಿಸಾಕಿದೆ? ಯಾಕೆ...!"

"ಹೆಸರು ಹೇಳೋ ನಡುವೆ ಓಗೊಡೋ ಹಾಗಿಲ್ಲ. ವಸ್ತ್ರಾನ ಮುಳ್ಳು ಕಿತ್ತುಕೊಳ್ತು ಸುವಾ. ತೆಗೆಯೋಕೆ ಬಗ್ಗಿದ್ರೆ ನಾನೇ ಬೀಳ್ತಿದ್ದೆ. ಅಯ್ಯೋ ಮಾರಾಯ್ತಿ, ಕೇಳಿಲ್ಲಿ..."

ಅವಳ ಎರಡೂ ಕೈ ಹಿಡಿದುಕೊಂಡ. ಆಮೇಲೆ ತಲೆಯೆತ್ತಿ ಮೇಲೆ ನೋಡಿದ. ತೊಲೆಯಿಲ್ಲ, ಹೆಂಚಿಲ್ಲ. ಬರೀ ಮಂಜು.

"ಇಲ್ಲಿ ಸೂರಿಲ್ಲ. ಹೆಸರುಗಳೂ ಪೂರ್ತಿ ಸಿಕ್ಕಿದ್ವು. ಈಗ ಕೇಳು, ಹೇಳ್ತೀನಿ. ಅಪ್ಪನಿಗೆ."

"ಏನು ಅಪ್ಪನಿಗೆ?"

"ಚಪ್ಪಲಿ. ದಾರಿ. ಎಲ್ಲ. ಅಪ್ಪ ಇನ್ನೂ ಇದ್ದಾನೆ ಸುವಾ. ಮಾತು ನಿಂತುಹೋಗಿದೆ, ಉಸಿರಷ್ಟೇ ಆಡ್ತಿದೆ. ಅವ್ವ ಅಪ್ಪನ್ನ ಮದುವೆಯಾಗಿದ್ದೇ ಅಲ್ಲಿಗೆ ಹೋದ ಮೇಲೆ, ನಾವು ದಕ್ಷಿಣದಲ್ಲಿ ಹುಟ್ಟಿದೋರು. ಅವನು ಯಾವ ಯಾವ ಊರು ದಾಟಿ ಬಂದ ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಅವನಿಗೆ ಬಾಯಿದ್ದಾಗ ನಾನು ಕೇಳಲಿಲ್ಲ. ಈಗ ಕಣ್ಣಲ್ಲೇ ಕೇಳ್ತಾನೆ, ನನ್ನ ಎಲ್ಲಿಗೆ ಕಳಿಸ್ತೀಯಾ ಅಂತ." ಪಾವೊ ಮಡಿಲಲ್ಲಿದ್ದ ಚಪ್ಪಲಿಯ ಕಡೆ ನೋಡಿದ. "ಪೂರ್ತಿ ಹೆಸರು ಸಿಗೋವರೆಗೂ ಬಾಯಿ ಬಿಡಬೇಡ ಅಂದಿದ್ಲು ಅವ್ವ. ಅರ್ಧ ದಾರಿ ಹೇಳಿದ್ರೆ ಅಪ್ಪ ಅರ್ಧ ದಾರೀಲೇ ನಿಂತುಬಿಡ್ತಾನಂತೆ."

"ಮತ್ತೆ... ಅಳತೆ? ನಿನ್ನ ಕಾಲಿಗೆ..."

"ಅಪ್ಪನ ಚಪ್ಪಲಿ ಮೆಟ್ಕೊಂಡೇ ಬೆಳೆದೋನು ನಾನು. ಇಬ್ಬರದ್ದೂ ಒಂದೇ ಅಳತೆ."

"ಆ ಕೆಮ್ಮು?"

"ಚಳಿ ಕಣೇ! ನಮ್ಮ ಕಡೆ ಇಂಥ ಚಳೀಲಿ ಯಾರೂ ಮನುಷ್ಯರು ಇರಲ್ಲ!"

ಸುವಾ ನಿಂತಲ್ಲೇ ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಅಳುವೇ ಗೆದ್ದಿತು. ಅಳುತ್ತಲೇ ಎಲ್ಲ ಹೇಳಿಬಿಟ್ಟಳು. ಬುಟ್ಟಿ ಸಿಕ್ಕ ತಿರುವು, ಅತ್ತೆ ಹಾಕಿಕೊಂಡ ಬಾಗಿಲು, ಕಂಬಳಿ ಸಮೇತ ಹೊತ್ತೊಯ್ದ ಅಣ್ಣ, ದನದ ಕೊಟ್ಟಿಗೆ.

"ಎಲ್ಲರಿಗೂ ದಾರಿ ತೋರಿಸ್ತೀನಿ ಪಾವೊ. ನನಗೆ ಸಾಯೋಕೂ ಒಂದು ಮನೆ ಇಲ್ಲ. ನಿನ್ನ ನೋಡಿದಾಗಿಂದ ಹೆದರಿಕೆ. ನಾನು ಇಷ್ಟಪಟ್ಟೋರನ್ನ ತಿಂದ್ಕೋತೀನಂತೆ."

"ಇಷ್ಟಪಟ್ಟೋರನ್ನ ಅಂದ್ಯಾ?"

ಅವಳು ನಾಲಿಗೆ ಕಚ್ಚಿಕೊಂಡಳು.

"ತಿನ್ನೋ ಹಾಗಿದ್ರೆ ಮೊದಲನೇ ದಿನಾನೇ ತಿಂದಿರ್ತಿದ್ದೆ. ಸಂತೇಲಿ ಆ ಕೋಪ ನೋಡಿದ್ನಲ್ಲ," ಅಂದ ಪಾವೊ. ಆಮೇಲೆ ಅವನ ದನಿ ಮೆತ್ತಗಾಯಿತು. "ನನಗೆ ಹೆದರಿಕೆ ಇಲ್ಲ ಸುವಾ. ಇದ್ದಿದ್ರೆ ಈ ಕಣಿವೇಲಿ ನಿನ್ನ ಹೆಸರು ಹೇಳ್ಕೊಂಡು ನಡೀತಿರಲಿಲ್ಲ."

ಸುವಾ ಕಣ್ಣೊರೆಸಿಕೊಂಡು ಬೆನ್ನ ಬುಟ್ಟಿ ಇಳಿಸಿದಳು. ಮೂರೂ ದಿನ ದಾರಿಯುದ್ದಕ್ಕೂ ಹೊಸೆದಿದ್ದ ಸೆಣಬಿನ ನೂಲಿನ ಸಿಂಬೆ ಅದರಲ್ಲಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು, "ಕಾಲು ಕೊಡು," ಅಂದಳು.

"ಜೀವ ಇರೋನ ಕಾಲಿಗೆ ಅಳತೆ ನೋಡಬಾರದು ಅಂದೆ?"

"ನನ್ನ ತಪ್ಪಿಂದ ಒಂದು ಕಳೀತು. ಅದರ ಜೋಡಿ ನಾನೇ ಹೆಣೀತೀನಿ. ಅಪ್ಪನ ಕಾಲು ಅಂತಲೇ ಹಿಡೀತೀನಿ. ಕೊಡು ಸುಮ್ನೆ."

ಅವನು ಬೂಟು ಬಿಚ್ಚಿ ಪಾದವನ್ನು ಅವಳ ಮಡಿಲಲ್ಲಿಟ್ಟ. ಅವಳು ನೂಲು ಹಿಡಿದು ಹಿಮ್ಮಡಿಯಿಂದ ಬೆರಳಿನವರೆಗೆ ಅಳೆದಳು. ಈ ಸಲ ಕೈ ಹಿಂದಕ್ಕೆ ತೆಗೆಯಲಿಲ್ಲ. ನಮ್ಮಲ್ಲಿ ಹಿರಿಯರ ಕೊನೆಯ ದಾರಿಗೆ ಬೇಕಾದ್ದನ್ನು ಹೆಣೆಯುವವಳು ಮಗಳು, ಇಲ್ಲವೇ ಸೊಸೆ. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

*

ಚಪ್ಪಲಿ ಮುಗಿಯುವ ಹೊತ್ತಿಗೆ ಮಂಜು ತುಸು ಸರಿದಿತ್ತು. ಗೋಡೆ ದಾಟಿ ದಿಣ್ಣೆ ಏರಿದ್ದೇ ತಡ, ಪಾವೊನ ಫೋನಿಗೆ ಸಿಗ್ನಲ್ ಬಂದು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಅವ್ವನ ಕರೆಗಳು.

ಅವನು ಸ್ಪೀಕರ್ ಹಾಕಿದ.

"ಎಲ್ಲಿದ್ದೀಯೋ ಮಗನೇ? ಅಪ್ಪನ ಉಸಿರು ದೂರ ದೂರ ಆಗ್ತಿದೆ. ಹಾಡೋರು ಬಂದು ಕೂತಿದ್ದಾರೆ. ಹೆಸರು ಸಿಕ್ಕಿದ್ವಾ? ಇರು, ಇರು, ಇಲ್ಲಿ ಹೇಳಬೇಡ. ಅಂಗಳಕ್ಕೆ ಬರ್ತೀನಿ..."

ಬಾಗಿಲ ಸದ್ದು. ದೂರದ ಆ ಬೆಚ್ಚನೆಯ ನಾಡಿನ ಕೋಳಿಗಳ ಸದ್ದು.

"ಹೇಳು ಈಗ."

"ಹಾ ಪುವಾ..." ಅಂದ ಪಾವೊ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದವನು ಈಗ ಮಗುವಿನಂತೆ ಅಳುತ್ತಿದ್ದ.

ಸುವಾ ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು.

"ಹಾ ಪುವಾ," ಅಂದಳು ನಿಧಾನವಾಗಿ, ಹಾಡುವವರಿಗೆ ಒಂದಕ್ಷರವೂ ತಪ್ಪದಂತೆ. "ಅಲ್ಲಿಂದ ಚಾ ಲುಂಗ್. ಅಲ್ಲಿಂದ ಫಿನ್ ತೋ. ಅಲ್ಲಿಂದ ಮೇಲೆ ಕಣಿವೆ ದಾರಿ, ಎಡಕ್ಕೆ ಬಂಡೆ ಹಿಡ್ಕೊಂಡು ನಡೀಬೇಕು. ಆಮೇಲೆ ಪೊ ಸಾಂಗ್. ಮನೆಯ ನಡುಗಂಬ ಮುರಿದಿದೆ, ಬುಡ ಹಾಗೇ ಇದೆ. ಅಲ್ಲೇ ಅವರ ಅಂಗಿ ಇರೋದು. ಹೆದರಬೇಡಿ ಅಂತ ಹೇಳಿ ಅವ್ವ. ದಾರಿ ನಾವು ನಡೆದು ನೋಡಿದ್ದೀವಿ. ಚಪ್ಪಲೀನೂ ಬರ್ತಿದೆ. ಅದು ಬರೋವರೆಗೂ ಅವರನ್ನ ಮಣ್ಣಿಗೆ ಕಳಿಸಬೇಡಿ."

ಆ ಕಡೆ ಅವ್ವ ಹೆಸರುಗಳನ್ನು ಒಂದೊಂದಾಗಿ ತಾನೂ ಹೇಳಿಕೊಂಡಳು. ಆಮೇಲೆ ಮುದುಕಿ ಮೆಲ್ಲಗೆ ಕೇಳಿದಳು.

"ಯಾರವ್ವ ನೀನು?"

ಸುವಾ ಏನೆಂದಾಳು? ಗೈಡ್ ಅನ್ನಲೇ? ಯಾರ ಮನೆಗೂ ಸೇರದವಳು ಅನ್ನಲೇ?

ಪಾವೊ ಫೋನಿನ ಹತ್ತಿರ ಬಾಗಿದ.

"ಅವ್ವಾ, ಬಾಗಿಲಿಗೆ ಒಂದು ಹುಂಜ ತೆಗೆದಿಡು."

ಮುದುಕಿಯ ಉಸಿರು ಕೇಳಿಸಿತು. ಒಂದೇ ಮನೆಯಲ್ಲಿ ಒಂದು ಜೀವ ಹೋಗುವ ಕಾಲ, ಒಂದು ಜೀವ ಬರುವ ಕಾಲ. ಅವಳು ಅತ್ತಳೋ ನಕ್ಕಳೋ.

"ಕೆಂಪು ಹುಂಜಾನೇನಾ?"

"ಕೆಂಪುದೇ ಅವ್ವ."

"ಬೇಗ ಬನ್ನಿ. ಇಬ್ಬರೂ ಬನ್ನಿ," ಎಂದು ಅವಳು ಒಳಗೆ ಹೋದಳು.

ಫೋನು ಕಪ್ಪಾಯಿತು. ಕಣಿವೆಯಿಂದ ಮತ್ತೆ ಮಂಜು ಏಳುತ್ತಿತ್ತು. ಸುವಾ ನೀಲಿ ವಸ್ತ್ರವನ್ನು ಅವನ ಕತ್ತಿಗೆ ಸುತ್ತಿ, ಈ ಸಲ ಗಂಟು ಹಾಕಿದಳು.

"ನನ್ನ ಒಂದು ಮಾತೂ ಕೇಳಲಿಲ್ಲ ನೀನು. ನೇರ ಹುಂಜಕ್ಕೇ ಹೋದೆ."

"ಈಗ ಕೇಳ್ತಿದ್ದೀನಿ." ಪಾವೊ ಅವಳ ಎರಡೂ ಕೈಗಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡ. "ಯಾವತ್ತೋ ಮುದುಕಿಯಾದ ಮೇಲೆ, ಹಲ್ಲೆಲ್ಲ ಬಿದ್ದ ಮೇಲೆ... ನಮ್ಮನೇಲಿ ಸಾಯ್ತೀಯಾ, ಸುವಾ?"

ಅವಳು ತುಂಬಿದ ಕಣ್ಣಿನಿಂದ ಅವನನ್ನೇ ನೋಡಿದಳು.

"ಸಾಯ್ತೀನಿ. ಆದ್ರೆ ಆ ಮನೆ ದಾರಿ ನನಗೆ ಗೊತ್ತಿಲ್ಲ."

"ನಂಗೊತ್ತು."

"ಹಾಗಾದ್ರೆ ನೀನು ಮುಂದೆ ನಡಿ," ಅಂದಳು ಸುವಾ. "ನಾನು ಹಿಂದೆ ಬರ್ತೀನಿ."